ಹತ್ತಿರದ ಅಳತೆ

"ಮ್ಯಾಕ್ರೋ ಲೆನ್ಸ್ ತಗೋಬೇಕು, ಯಾವುದು ತಗೊಳ್ಳಲಿ?" ಹೊಸಪೇಟೆಯಲ್ಲಿ ಕ್ಯಾಮೆರಾ ಹಿಡಿದ ಯಾರನ್ನೇ ಕೇಳಿ, ಉತ್ತರ ಎರಡು ಅಂಕಿಗಳಲ್ಲಿ ಬರುತ್ತದೆ. ಒಂದು ಮಿಲಿಮೀಟರಿನದು, ಇನ್ನೊಂದು ರೂಪಾಯಿಯದು. 60 ಸಾಕು ಅನ್ನುವವರಿದ್ದಾರೆ, 100ಕ್ಕಿಂತ ಕಡಿಮೆ ಬೇಡವೇ ಬೇಡ ಅನ್ನುವವರಿದ್ದಾರೆ, ದುಡ್ಡಿದ್ದರೆ 180 ಅನ್ನುವವರೂ ಇದ್ದಾರೆ. ಏನನ್ನು ನೋಡಬೇಕೆಂದಿದ್ದೀರಿ, ಅದರಿಂದ ಎಷ್ಟು ದೂರ ನಿಲ್ಲುತ್ತೀರಿ ಎಂದು ತಿರುಗಿ ಕೇಳುವವರು ಕಡಿಮೆ. ನನಗೋ ಈ ದೂರದ ಪ್ರಶ್ನೆಯೇ ಮೊದಲನೆಯದು ಅನ್ನಿಸುತ್ತದೆ. ಸಾಹಿತ್ಯ ಪತ್ರಿಕೆಯಲ್ಲಿ ಲೆನ್ಸಿನ ಮಾತೇಕೆ ಎಂದು ಹುಬ್ಬೇರಿಸುವವರಿಗೆ ಒಂದೇ ಸಮಜಾಯಿಷಿ: ಕೃತಿಯನ್ನು ಎಷ್ಟು ಹತ್ತಿರದಿಂದ ಓದಬೇಕು, ಅದರ ಸುತ್ತಲಿನದನ್ನು ಎಷ್ಟು ಒಳಗೆ ಬಿಟ್ಟುಕೊಳ್ಳಬೇಕು ಎಂಬ ಜಗಳ ನವ್ಯದ ಕಾಲದಿಂದಲೂ ನಮ್ಮ ವಿಮರ್ಶೆಯಲ್ಲಿ ಮುಗಿದಿಲ್ಲ. ಲೆನ್ಸ್ ಕೊಳ್ಳುವವರು ಅದೇ ಜಗಳದಲ್ಲಿ ಗೊತ್ತಿಲ್ಲದೆ ಒಂದು ಪಕ್ಷ ಹಿಡಿಯುತ್ತಾರೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಎಷ್ಟೋ ಜೂಮ್ ಲೆನ್ಸುಗಳ ಮೈಮೇಲೆ 'ಮ್ಯಾಕ್ರೋ' ಎಂದು ಅಚ್ಚಾಗಿರುತ್ತದೆ. ಅವುಗಳಲ್ಲಿ ಹೆಚ್ಚಿನವು ವಸ್ತುವನ್ನು ಅದರ ಮೂರನೇ ಒಂದು ಅಥವಾ ನಾಲ್ಕನೇ ಒಂದು ಅಳತೆಯಲ್ಲಿ ಸೆನ್ಸಾರಿನ ಮೇಲೆ ಮೂಡಿಸುತ್ತವೆ, ಅಷ್ಟೆ. ರೂಢಿಯಲ್ಲಿ ನಿಜವಾದ ಮ್ಯಾಕ್ರೋ ಎನ್ನುವುದು ಒಂದಕ್ಕೆ ಒಂದು ಅಳತೆ ಕೊಡುವ ಲೆನ್ಸಿಗೆ. ವಸ್ತು ಎಷ್ಟಿದೆಯೋ ಸೆನ್ಸಾರಿನ ಮೇಲೂ ಅಷ್ಟೇ. ನಮ್ಮ ಒಂದು ರೂಪಾಯಿ ನಾಣ್ಯದ ವ್ಯಾಸ ಸುಮಾರು 22 ಮಿ.ಮೀ. ಫುಲ್ ಫ್ರೇಮ್ ಸೆನ್ಸಾರ್ 36 ಅಗಲ, 24 ಎತ್ತರ. ಒಂದಕ್ಕೊಂದರಲ್ಲಿ ತೆಗೆದರೆ ನಾಣ್ಯ ಚೌಕಟ್ಟಿನ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಮ್ಮಿ ತುಂಬಿಕೊಳ್ಳುತ್ತದೆ. ಅಂಗಡಿಯಲ್ಲಿ ಲೆನ್ಸ್ ಪರೀಕ್ಷಿಸಲು ಇದಕ್ಕಿಂತ ಸುಲಭದ ಉಪಾಯ ಬೇಡ, ಜೇಬಿನಲ್ಲಿ ಒಂದು ರೂಪಾಯಿ ಇದ್ದರೆ ಸಾಕು.

ಇಷ್ಟು ಹತ್ತಿರ ಹೋದದ್ದಕ್ಕೆ ತೆರಬೇಕಾದದ್ದು ಆಳ. ಒಂದಕ್ಕೊಂದರಲ್ಲಿ ಅಪರ್ಚರ್ ಎಫ್ 8ಕ್ಕೆ ಇಟ್ಟರೂ ಸ್ಪಷ್ಟವಾಗಿ ಕಾಣುವುದು ಒಂದು ಮಿಲಿಮೀಟರಿನಷ್ಟು ದಪ್ಪದ ಪದರ ಮಾತ್ರ. ಇರುವೆಯ ಕಣ್ಣು ಸ್ಪಷ್ಟವಾದರೆ ಸೊಂಟ ಮಸುಕು. ಅಪರ್ಚರನ್ನು ಇನ್ನೂ ಕಿರಿದು ಮಾಡಿದರೆ ಆಳ ಸ್ವಲ್ಪ ಹೆಚ್ಚುತ್ತದೆ ನಿಜ, ಆದರೆ ಕಿರುಗಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಗೋಡೆಗೆ ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಲೆನ್ಸೇ ಇಲ್ಲ, ಒಂದು ಕಿಂಡಿ ಅಷ್ಟೆ. ಹಾಗಾಗಿ ಆ ಚಿತ್ರದಲ್ಲಿ ಹತ್ತಿರದ್ದು, ದೂರದ್ದು ಎಂಬ ಭೇದವಿಲ್ಲ. ಎಲ್ಲವೂ ಒಂದೇ ಸಮ ಮಸುಕು, ಒಂದೇ ಸಮ ಸ್ಪಷ್ಟ. ಮ್ಯಾಕ್ರೋ ಇದಕ್ಕೆ ತದ್ವಿರುದ್ಧ. ಒಂದನ್ನು ಆರಿಸಿಕೊಂಡು ಉಳಿದದ್ದನ್ನೆಲ್ಲ ಕರಗಿಸುತ್ತದೆ. ಏನು ಕರಗಿತು ಎಂದು ಕೇಳುವುದು ವಿಮರ್ಶೆಯ ಕೆಲಸ.

ಹಂಪಿಯ ಫೋಟೋಗಳ ಚರಿತ್ರೆ ಶುರುವಾದದ್ದು ದೂರದ ನೋಟದಿಂದ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಈ ಊರನ್ನು ಹಿಡಿದ. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಂಬ ಬಿದ್ದಿದೆ, ಎಲ್ಲಿ ಗಿಡ ಬೆಳೆದಿದೆ, ಎಲ್ಲಿ ದುರಸ್ತಿಯಾಗಿದೆ ಎಂದು ಹೇಳಬಹುದು. ಅದು ಸಾಧ್ಯವಾದದ್ದು ಗ್ರೀನ್‌ಲಾ ನಿಂತ ಜಾಗವನ್ನು ಚಿತ್ರವೇ ಹೇಳುತ್ತಿದ್ದುದರಿಂದ. ಈಗ ತೆಗೆಯುವ ಕ್ಲೋಸಪ್‌ಗಳಿಗೆ ಈ ಗುಣವಿಲ್ಲ. ಹಜಾರರಾಮ ಗುಡಿಯ ಗೋಡೆಯ ಒಂದು ಕೈಬಳೆಯ ಕೆತ್ತನೆ ಕಣ್ಣಿಗೆ ಹಬ್ಬವೇ. ನಲವತ್ತು ವರ್ಷದ ಮೇಲೆ ಅದೇ ಬಳೆಯನ್ನು ಹುಡುಕಿಕೊಂಡು ಬರುವವರಿಗೆ ಆ ಚಿತ್ರದಿಂದ ಏನೂ ದಕ್ಕುವುದಿಲ್ಲ.

ಇದಕ್ಕೆ ಹಂಪಿಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂತು. ಅದರ ಕಪ್ಪು ಕಲ್ಲುಗಳ ಮೇಲೆ ಕೆತ್ತಿದ ಸಣ್ಣ ಗುರುತುಗಳಿವೆ. ಈ ಕಲ್ಲು ಯಾವ ದಿಕ್ಕಿನದು, ಎಷ್ಟನೇ ಸಾಲಿನದು, ಎಲ್ಲಿ ಕೂರಬೇಕು ಎಂದು ಕಟ್ಟುವವರಿಗೆ ತಿಳಿಸುವ ಗುರುತುಗಳು. ಕ್ಲೋಸಪ್‌ಗೆ ಹೇಳಿ ಮಾಡಿಸಿದ ವಸ್ತು. ಕಪ್ಪು ಕಲ್ಲು, ಅಡ್ಡಬಿಸಿಲು, ಒಂದೆರಡು ಗೀರು. ಆದರೆ ಆ ಗುರುತಿನ ಅರ್ಥವೇ ಅದರ ಜಾಗ. ಪಕ್ಕದ ಕಲ್ಲನ್ನು ಚೌಕಟ್ಟಿನಿಂದ ಹೊರಗಿಟ್ಟ ತಕ್ಷಣ ಅದು ಅರ್ಥವಿಲ್ಲದ ಗೀರಾಗುತ್ತದೆ. ಹಾಗೆ ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ನನ್ನ ಪ್ರಕಾರ, ತಪ್ಪು ಓದು.

ಹಾಗಂತ ಹತ್ತಿರದ ನೋಟ ಬೇಡವೆಂದು ನಾನು ಹೇಳಿದರೆ ನನ್ನ ಅನ್ನಕ್ಕೇ ಕಲ್ಲು ಹಾಕಿಕೊಂಡಂತೆ. ಹಸ್ತಪ್ರತಿಗಳ ಜೊತೆ ಕೆಲಸ ಮಾಡುವವರಿಗೆ ಮ್ಯಾಕ್ರೋ ಲೆನ್ಸ್ ಶೋಕಿಯಲ್ಲ. ಅದರ ಹುಟ್ಟಿನಲ್ಲೇ ಲಿಪಿಯ ನಂಟಿದೆ. ನಿಕಾನ್ ಕಂಪನಿ ಇವತ್ತಿಗೂ ತನ್ನ ಮ್ಯಾಕ್ರೋ ಲೆನ್ಸುಗಳನ್ನು 'ಮೈಕ್ರೋ' ಎಂದೇ ಕರೆಯುತ್ತದೆ. 1956ರಲ್ಲಿ ಬಂದ ಅದರ ಮೊದಲ ಮೈಕ್ರೋ ನಿಕ್ಕೋರ್, 5 ಸೆಂಟಿಮೀಟರಿನದು, ಹುಟ್ಟಿದ್ದು ಹೂವಿಗಾಗಿಯೂ ಅಲ್ಲ, ಹುಳಕ್ಕಾಗಿಯೂ ಅಲ್ಲ. ಪುಸ್ತಕ, ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುವಾಗ ರೋಮನ್ ಅಕ್ಷರಕ್ಕೆ ಸಾಕಾಗುತ್ತಿದ್ದ ಲೆನ್ಸುಗಳು ಜಪಾನಿನ ಕಾಂಜಿ ಅಕ್ಷರಕ್ಕೆ ಸಾಲುತ್ತಿರಲಿಲ್ಲ. ಗೆರೆಗಳು ಒತ್ತೊತ್ತಾಗಿ ಒಂದರೊಳಗೊಂದು ಕಲೆಸಿಹೋಗುತ್ತಿದ್ದವು. ಆ ಗೆರೆಗಳನ್ನು ಬಿಡಿಸಿ ತೋರಿಸಲೆಂದೇ ಮಾಡಿದ ಲೆನ್ಸ್ ಅದು. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಇಟ್ಟುಕೊಂಡು ಬದುಕುವ ನಮ್ಮ ಲಿಪಿಯವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಿಲ್ಲ.

ಓಲೆಗರಿಯಲ್ಲಿ ಅಕ್ಷರ ಬರೆದದ್ದಲ್ಲ, ಕೊರೆದದ್ದು. ಲೋಹದ ಮೊನೆಯಿಂದ ಗೀರಿ, ಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರಿನಲ್ಲಿ ಮಸಿ ಉಳಿಯುತ್ತದೆ. ಕಾಲಾಂತರದಲ್ಲಿ ಹುಳ ಬಿದ್ದು ಗರಿ ತೂತಾಗುತ್ತದೆ. ಆಗ ಹುಟ್ಟುವ ಪ್ರಶ್ನೆ: ಅಕ್ಷರದ ಪಕ್ಕ ಇರುವ ದುಂಡನೆಯದು ಅನುಸ್ವಾರವೋ, ಹುಳ ಕೊರೆದ ತೂತೋ? ನಗಬೇಡಿ, ಒಂದು ಸೊನ್ನೆಯಿಂದ ವಿಭಕ್ತಿ ಬದಲಾಗುತ್ತದೆ, ಛಂದಸ್ಸಿನಲ್ಲಿ ಲಘು ಗುರುವಾಗುತ್ತದೆ. ಮಾಮೂಲಿ ಸ್ಕ್ಯಾನಿನಲ್ಲಿ ಎರಡೂ ಕಪ್ಪು ಚುಕ್ಕೆಯೇ. ಒಂದಕ್ಕೊಂದರಲ್ಲಿ, ಪಕ್ಕದಿಂದ ಬೆಳಕು ಬಿಟ್ಟು ತೆಗೆದರೆ ಅನುಸ್ವಾರಕ್ಕೆ ಕೊರೆದ ತುಟಿ ಕಾಣುತ್ತದೆ, ಅದರಲ್ಲಿ ಮಸಿ ಕೂತಿರುತ್ತದೆ. ತೂತಿನ ಅಂಚಿನಲ್ಲಿ ಗರಿಯ ನಾರು ಹರಿದಿರುತ್ತದೆ. ಹಿಂದಿನಿಂದ ಬೆಳಕು ಹಾಯಿಸಿದರಂತೂ ತಗಾದೆಯೇ ಉಳಿಯುವುದಿಲ್ಲ. ಇದಕ್ಕೆ ಬೇಕಾದದ್ದು 50 ಅಥವಾ 60 ಮಿ.ಮೀ. ಲೆನ್ಸ್. ಓಲೆ ಓಡಿಹೋಗುವುದಿಲ್ಲ, ಹಾಗಾಗಿ ಐದು ಸೆಂಟಿಮೀಟರಿನಷ್ಟು ಹತ್ತಿರ ಹೋದರೂ ಚಿಂತೆಯಿಲ್ಲ. ಕಾಪಿ ಸ್ಟ್ಯಾಂಡಿನ ಮೇಲೆ ಉದ್ದ ಲೆನ್ಸ್ ಹಾಕಿದರೆ ಇಡೀ ಗರಿ ತೆಗೆಯುವಾಗ ಕ್ಯಾಮೆರಾವನ್ನು ಅಟ್ಟಕ್ಕೇರಿಸಬೇಕಾಗುತ್ತದೆ. ಸ್ಪಷ್ಟತೆಯ ಪದರ ತೆಳ್ಳಗಿರುವುದೂ ಇಲ್ಲಿ ತೊಡಕಲ್ಲ, ಗರಿಯನ್ನು ಮಟ್ಟಸವಾಗಿ ಕೂರಿಸಿದರೆ ಆಯಿತು.

ಕಲ್ಲಿನ ಶಾಸನಕ್ಕೂ ಇದೇ ಮಾತು ಸ್ವಲ್ಪ ಮಾರ್ಪಾಡಿನೊಂದಿಗೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ಕೃಷ್ಣದೇವರಾಯನ 1510ರ ಶಾಸನ ನಿಂತಿದೆ. ಅದರ ಎದುರು ನಿಂತು ಫ್ಲಾಶ್ ಹೊಡೆದರೆ ಅಕ್ಷರದೊಳಗಿನ ನೆರಳೆಲ್ಲ ಅಳಿಸಿಹೋಗಿ ಬರೀ ಕಲ್ಲು ಉಳಿಯುತ್ತದೆ. ಅಕ್ಷರ ಏಳುವುದು ಬೆಳಕು ಪಕ್ಕದಿಂದ ಸವರಿಕೊಂಡು ಬಂದಾಗ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕಾಗುವುದರಿಂದ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಟಾರ್ಚು. ಲೆನ್ಸಿಗಿಂತ ಟಾರ್ಚಿನ ಮೇಲೆ ಹೆಚ್ಚು ಗಮನ ಕೊಡಿ ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು.

ಜೀವವಿರುವುದರ ಹತ್ತಿರ ಬಂದಾಗ ಲೆಕ್ಕ ಬದಲಾಗುತ್ತದೆ. ಹಂಪಿಯ ಬಂಡೆಗಳ ಮೇಲೆ ಕೂರುವ ಓತಿಕ್ಯಾತನನ್ನು ನೋಡಿ. ಗಂಡು ಬೆದೆಗೆ ಬಂದಾಗ ಬೆನ್ನು ಕೆಂಪೇರಿ ಪಕ್ಕೆ ಕಪ್ಪಾಗಿ ಬಂಡೆಯ ಮೇಲೆ ಕೆಂಡದಂತೆ ಕಾಣುತ್ತದೆ. 60ರ ಲೆನ್ಸ್ ಹಿಡಿದು ಅದರ ಕಣ್ಣನ್ನು ಒಂದಕ್ಕೊಂದರಲ್ಲಿ ತೆಗೆಯಬೇಕೆಂದರೆ ಲೆನ್ಸಿನ ಮೂತಿ ಅದರಿಂದ ಐದು ಸೆಂಟಿಮೀಟರಿಗೆ ಬರಬೇಕು. ಅಷ್ಟರಲ್ಲಿ ಅದು ಮೂರನೇ ಬಂಡೆಯಲ್ಲಿರುತ್ತದೆ. 100, 105ರ ಲೆನ್ಸಿನಲ್ಲಿ ಈ ಅಂತರ ಸುಮಾರು 13ರಿಂದ 15 ಸೆಂಟಿಮೀಟರು. 180, 200ರಲ್ಲಿ 25ರ ಆಸುಪಾಸು. ಇಲ್ಲೊಂದು ಎಚ್ಚರ ಬೇಕು. ಲೆನ್ಸಿನ ಡಬ್ಬಿಯ ಮೇಲೆ ಬರೆದ ಕನಿಷ್ಠ ಫೋಕಸ್ ದೂರವನ್ನು ಅಳೆಯುವುದು ಸೆನ್ಸಾರಿನಿಂದ, ಲೆನ್ಸಿನ ಮೂತಿಯಿಂದ ಅಲ್ಲ. 30 ಸೆಂಟಿಮೀಟರ್ ಎಂದು ನಂಬಿ ಕೊಂಡರೆ ಅದರಲ್ಲಿ ಅರ್ಧ ಲೆನ್ಸು, ಕ್ಯಾಮೆರಾ ಎರಡೂ ಸೇರಿ ನುಂಗಿರುತ್ತವೆ.

ಹಾಗಾದರೆ 180 ಎಲ್ಲಕ್ಕಿಂತ ಒಳ್ಳೆಯದಲ್ಲವೇ? ಪ್ರಾಣಿಯ ದೃಷ್ಟಿಯಿಂದ ಹೌದು, ಅದಕ್ಕೆ ಕಾಟ ಕಡಿಮೆ. ಆದರೆ ತೂಕವಿದೆ, ಬೆಲೆಯಿದೆ, ಏಪ್ರಿಲ್ ಬಿಸಿಲಿನಲ್ಲಿ ಮಾತಂಗ ಬೆಟ್ಟ ಹತ್ತುವವರ ಕೊರಳಿದೆ. ಇನ್ನೂ ಮುಖ್ಯವಾದದ್ದು ಹಿನ್ನೆಲೆ. ವಸ್ತುವಿನ ಅಳತೆ ಒಂದೇ ಆಗಿದ್ದರೂ ಉದ್ದ ಲೆನ್ಸು ಹಿಂದಿನದರಲ್ಲಿ ಕಿರಿದಾದ ಒಂದು ಪಟ್ಟಿಯನ್ನಷ್ಟೇ ನೋಡುತ್ತದೆ. ಬಂಡೆ, ಹುಲ್ಲು, ಆಕಾಶ ಎಲ್ಲ ಸೇರಿ ಒಂದು ನುಣುಪಾದ ಬಣ್ಣವಾಗುತ್ತದೆ. ಗಿಡ್ಡ ಲೆನ್ಸು ಹೆಚ್ಚು ಅಗಲದ ಹಿನ್ನೆಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸ್ಪರ್ಧೆಯ ತೀರ್ಪುಗಾರರಿಗೆ ನುಣುಪು ಹಿನ್ನೆಲೆ ಇಷ್ಟ. ಬಹುಮಾನ ಬಂದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಹಸಿರು ಪರದೆಯ ಮುಂದೆ ಕೂತ ಮಿಡತೆ, ಕಂದು ಪರದೆಯ ಮುಂದೆ ಕೂತ ಜೇಡ. ಯಾವ ತಾಲೂಕಿನದೆಂದು ಪತ್ತೆ ಹಚ್ಚಿ ನೋಡೋಣ! ಪಾಸ್‌ಪೋರ್ಟ್ ಫೋಟೋಗೂ ಇಷ್ಟೇ ಹಿನ್ನೆಲೆ ಇರುತ್ತದೆ. ಫ್ಲಾಶಿನಲ್ಲಿ ತೆಗೆದ ಕಪ್ಪು ಹಿನ್ನೆಲೆಯದು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಹಗಲು ಹೊತ್ತಿನ ಚಿಟ್ಟೆಯೂ ನಡುರಾತ್ರಿಯ ಪಿಶಾಚಿಯಂತೆ ಕಾಣುತ್ತದೆ.

ತೇಜಸ್ವಿಯವರ 'ಕರ್ವಾಲೊ' 1980ರ ಕಾದಂಬರಿ. ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ವಿಜ್ಞಾನಿ ಕರ್ವಾಲೊ ಇದ್ದಾರೆ, ಜೇನು ಹುಳದ ಗುಟ್ಟು ಬಲ್ಲ ಮಂದಣ್ಣ ಇದ್ದಾನೆ, ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆ. ಸ್ವತಃ ಒಳ್ಳೆಯ ಫೋಟೋಗ್ರಾಫರಾಗಿದ್ದ ಲೇಖಕರು ಓತಿಗೆ ಕೊಟ್ಟ ಪುಟಗಳು ಎಷ್ಟು ಕಡಿಮೆ ಎಂದು ಗಮನಿಸಿ. ಪುಟ ತುಂಬಿರುವುದು ದಾರಿ, ಮಳೆ, ನಾಯಿ, ಕರಿಯಪ್ಪನ ಅಡುಗೆ, ಮಂದಣ್ಣನ ಮದುವೆ, ಕೋರ್ಟು. ಕೊನೆಗೆ ಓತಿ ಕಂಡರೂ ಕೈಗೆ ಸಿಗದೆ ಕೊರಕಲಿನ ಆಚೆ ತೇಲಿಹೋಗುತ್ತದೆ. ಓತಿಯನ್ನು ಚೌಕಟ್ಟಿನ ತುಂಬ ತುಂಬಿಸಿಕೊಳ್ಳುವ ಆಸೆಯನ್ನು ಆ ಕಾದಂಬರಿ ಬಿಟ್ಟುಕೊಟ್ಟಿದೆ. ಹಾಗೆಂದೇ ಓತಿ ಅದರೊಳಗೆ ಬದುಕಿದೆ ಎಂಬುದು ನನ್ನ ಓದು. ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು'ವಿಗೆ ತಾವೇ ಚಿತ್ರ ಬರೆದರು. ರೇಖೆಯ ಚಿತ್ರದಲ್ಲಿ ಹೂವಿನ ಎಲ್ಲ ಭಾಗವನ್ನೂ ಸ್ಪಷ್ಟವಾಗಿ ತೋರಿಸಬಹುದು, ಒಂದು ಮಿಲಿಮೀಟರಿನ ಕಟ್ಟಳೆ ಅಲ್ಲಿಲ್ಲ. ಈಗ ಹತ್ತಿಪ್ಪತ್ತು ಫೋಟೋ ತೆಗೆದು ಒಂದರ ಮೇಲೊಂದು ಹೊಂದಿಸಿ ಫೋಕಸ್ ಸ್ಟ್ಯಾಕಿಂಗ್ ಮಾಡುವವರು ಬಹಳ ಸುತ್ತು ಹಾಕಿ ಸ್ವಾಮಿಯವರ ಪೆನ್ನಿನ ಬಳಿಗೇ ಬರುತ್ತಿದ್ದಾರೆ.

ಈ ಹಿನ್ನೆಲೆಯ ಪ್ರಶ್ನೆ ಬರೀ ಅಂದದ ಪ್ರಶ್ನೆಯಾಗಿ ಉಳಿಯದೇ ಇರುವುದು ಸಂಡೂರಿನಲ್ಲಿ. ಗುಡ್ಡದ ಹಸಿರು, ಅದರ ಪಕ್ಕದಲ್ಲೇ ಅದಿರಿನ ಗಣಿ. ಲಾರಿ ಓಡಾಡುವ ದಾರಿಯ ಬದಿಯ ಗಿಡಗಳ ಎಲೆಯ ಮೇಲೆ ಕೆಂಧೂಳು ಕೂತಿರುತ್ತದೆ. ಮ್ಯಾಕ್ರೋ ಲೆನ್ಸಿನಲ್ಲಿ ಈ ಧೂಳು ಬೆರಗುಗೊಳಿಸುವಷ್ಟು ಚೆನ್ನಾಗಿ ಕಾಣುತ್ತದೆ. ಎಲೆಯ ನರದ ಗುಂಟ ಕೆಂಪು ಕಣ, ಇರುವೆಯ ಕಾಲಿನ ಕೂದಲಲ್ಲಿ ಕೆಂಪು ಕಣ. ಆದರೆ ಸಂಡೂರಿನಿಂದ ಬರುವ ಹುಳದ ಚಿತ್ರಗಳಲ್ಲಿ ಧೂಳೇ ಇರುವುದಿಲ್ಲ. ತೆಗೆಯುವ ಮೊದಲು ಎಲೆ ಒರೆಸುತ್ತಾರೆ, ನೀರು ಚಿಮುಕಿಸುತ್ತಾರೆ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಧೂಳನ್ನು ಚಿತ್ರದ ದೋಷವೆಂದು ತಿಳಿಯುತ್ತಾರೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು, ಮುಂದೆ ಹಂತಹಂತವಾಗಿ ಮತ್ತೆ ಶುರುವಾಯಿತು. ಆ ದಿನದ ಹಿಂದೆ ಮುಂದೆ ಒಂದೇ ಜಾಗದ ಒಂದೇ ಜಾತಿಯ ಎಲೆಯನ್ನು, ಒರೆಸದೆ, ದಿನಾಂಕ ಬರೆದು ತೆಗೆದಿಟ್ಟಿದ್ದರೆ ಅದು ಗ್ರೀನ್‌ಲಾನ ನೆಗೆಟಿವ್‌ನಷ್ಟೇ ಬೆಲೆಬಾಳುವ ದಾಖಲೆಯಾಗುತ್ತಿತ್ತು.

ಇಂಥ ಕಡೆ ನನ್ನ ಆಯ್ಕೆ ವಿಶಾಲ ಕೋನದ ಮ್ಯಾಕ್ರೋ. ಲಾವಾ ಕಂಪನಿಯ 15 ಮಿ.ಮೀ. ಲೆನ್ಸ್ ಒಂದಕ್ಕೊಂದರವರೆಗೂ ಹೋಗುತ್ತದೆ. ಅಷ್ಟು ಹತ್ತಿರ ಹೋದರೆ ಲೆನ್ಸಿನ ಮೂತಿ ವಸ್ತುವಿಗೆ ಅರ್ಧ ಸೆಂಟಿಮೀಟರಿನಷ್ಟು ಸಮೀಪ ಬಂದು ಅದರದೇ ನೆರಳು ಬೀಳುತ್ತದೆ, ಕೆಲಸಕ್ಕೆ ಬಾರದು. ಆದರೆ ಸ್ವಲ್ಪ ಹಿಂದೆ ಸರಿದು, ಮೂರನೇ ಒಂದರ ಅಳತೆಯಲ್ಲಿ ತೆಗೆದರೆ ಮುಂದೆ ಎಲೆ, ಎಲೆಯ ಮೇಲೆ ಹುಳ, ಹಿಂದೆ ಕಡಿದ ಗುಡ್ಡದ ಮೆಟ್ಟಿಲು, ಲಾರಿಯ ಸಾಲು, ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಗುಡ್ಡ ಮಸುಕಾಗಿದ್ದರೂ ಗುಡ್ಡವೆಂದು ಗೊತ್ತಾಗುತ್ತದೆ. ಹುಳ ಚಿಕ್ಕದಾಯಿತು ಎಂದು ತೀರ್ಪುಗಾರರು ಗೊಣಗಬಹುದು.

ಸಂಡೂರಿನ ಇನ್ನೊಂದು ವಸ್ತು ಲಂಬಾಣಿ ಕಸೂತಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಕೆಲಸದ ದೊಡ್ಡ ಪ್ರದರ್ಶನವಾಯಿತು. ಕಸೂತಿಯ ಕ್ಲೋಸಪ್‌ಗೆ 60ರ ಲೆನ್ಸ್ ಧಾರಾಳವಾಗಿ ಸಾಕು. ಹೊಲಿಗೆಯ ಒಂದೊಂದು ಎಳೆಯ ತಿರುವು ಕಾಣುತ್ತದೆ, ಎಲ್ಲಿ ದಾರ ಮುಗಿದು ಹೊಸದು ಶುರುವಾಯಿತೆಂಬುದೂ ಗೊತ್ತಾಗುತ್ತದೆ. ತಮಾಷೆಯೆಂದರೆ ಕನ್ನಡಿ ಬಿಲ್ಲೆಗಳು. ನೇರ ಎದುರಿಗೆ ಹಿಡಿದರೆ ಪ್ರತಿ ಬಿಲ್ಲೆಯಲ್ಲೂ ಲೆನ್ಸಿನ ಕಪ್ಪು ಬಾಯಿಯೇ ಕಾಣುತ್ತದೆ. ಹೊಲಿದವಳ ಕೈ ಎಲ್ಲೂ ಇಲ್ಲ, ತೆಗೆದವನು ಮಾತ್ರ ಹತ್ತು ಕಡೆ ಇದ್ದಾನೆ. ಬಟ್ಟೆಯನ್ನು ತುಸು ಓರೆ ಮಾಡಿ, ಪಕ್ಕದಲ್ಲಿ ಹೊಲಿಯುತ್ತಿರುವವರನ್ನು ಕೂರಿಸಿಕೊಂಡು ತೆಗೆದರೆ ಆ ಬಿಲ್ಲೆಯಲ್ಲಿ ಅವರ ಬೆರಳು ಬಂದು ಕೂರುತ್ತದೆ. ಅದಕ್ಕೆ ಸ್ವಲ್ಪ ಅಂತರ ಬೇಕು, ಅಲ್ಲಿ 100 ಒಳ್ಳೆಯದು.

ಎಲ್ಲ ಸೇರಿಸಿ ಒಂದೇ ಲೆನ್ಸ್ ಹೇಳಿ ಎಂದರೆ 90ರಿಂದ 105ರ ನಡುವಿನ ಯಾವುದಾದರೂ ಸೈ. ಟ್ಯಾಮ್ರಾನಿನ 90 ದಶಕಗಳಿಂದ ಜನ ನೆಚ್ಚಿಕೊಂಡು ಬಂದದ್ದು, ಹಳೆಯದು ಸಿಕ್ಕರೂ ಕೊಳ್ಳಬಹುದು. ಒಂದಕ್ಕೊಂದರ ಹತ್ತಿರ ಹೋದಂತೆಲ್ಲ ಕೈನಡುಕ ತಡೆಯುವ ಏರ್ಪಾಡಿನ ಪ್ರಯೋಜನ ಇಳಿಯುತ್ತ ಹೋಗುವುದರಿಂದ ಅದೊಂದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಫೆಲೋಶಿಪ್ ಹಣ ಕಾಯುತ್ತ ಕೂತವರು ಲೆನ್ಸಿನ ಯೋಚನೆ ಬಿಟ್ಟು ಎಕ್ಸ್‌ಟೆನ್ಷನ್ ಟ್ಯೂಬ್ ಕೊಳ್ಳಲಿ. ಅದರೊಳಗೆ ಗಾಜಿಲ್ಲ, ಬರೀ ಟೊಳ್ಳು ಕೊಳವೆ. 50ರ ಲೆನ್ಸಿಗೆ 25 ಮಿ.ಮೀ. ಕೊಳವೆ ಸಿಕ್ಕಿಸಿದರೆ ಅರ್ಧ ಅಳತೆ, 50 ಸಿಕ್ಕಿಸಿದರೆ ಒಂದಕ್ಕೊಂದು. ಈಗಿನ ಕೆಲವು ಮೊಬೈಲುಗಳು ಎರಡು ಸೆಂಟಿಮೀಟರಿನಷ್ಟು ಹತ್ತಿರ ಫೋಕಸ್ ಮಾಡುತ್ತವೆ. ಅವು ಬಳಸುವುದು ವಿಶಾಲ ಕೋನದ ಲೆನ್ಸನ್ನೇ ಆದ್ದರಿಂದ ಸುತ್ತಲಿನದೂ ತಾನಾಗಿಯೇ ಬರುತ್ತದೆ. ದುಬಾರಿ ಲೆನ್ಸಿನವರು ಕಷ್ಟಪಟ್ಟು ಕಳೆದುಕೊಂಡದ್ದು ಮೊಬೈಲಿನವರಿಗೆ ಪುಕ್ಕಟೆಯಾಗಿ ಸಿಕ್ಕಿದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ರಾಜಿಯಿಲ್ಲ. ಹುಳ ಅಲ್ಲಾಡದಿರಲೆಂದು ಫ್ರಿಜ್ಜಿನಲ್ಲಿಟ್ಟು ತರುವುದು, ಅಂಟು ಹಚ್ಚಿ ಕಡ್ಡಿಗೆ ಕೂರಿಸುವುದು, ಗ್ಲಿಸರಿನ್ ಬೆರೆಸಿದ ನೀರು ಎರಚಿ ಮಂಜು ಎನ್ನುವುದು ನಡೆದೇ ಇದೆ. ಶಾಸನದ ಅಕ್ಷರ ಸವೆದಿದೆಯೆಂದು ಉಳಿ ತಗೊಂಡು ತಿದ್ದಿ ಫೋಟೋ ತೆಗೆದರೆ ಏನನ್ನುತ್ತೇವೋ ಇದಕ್ಕೂ ಅದನ್ನೇ ಅನ್ನಬೇಕು.

ನಿಜವಾದ ಮಂಜು ಬೇಕಿದ್ದವರು ಚಳಿಗಾಲದಲ್ಲಿ ಕಂಪ್ಲಿಗೆ ಬರಲಿ. ತುಂಗಭದ್ರೆಯ ದಡದ ಗದ್ದೆಗಳಲ್ಲಿ ಬೆಳಗಿನ ಜಾವ ಭತ್ತದ ತೆನೆಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ರೆಕ್ಕೆಯ ಮೇಲೆ ಇಬ್ಬನಿ ಹೊತ್ತು ಕೂತಿರುತ್ತವೆ. ಮೈ ಬೆಚ್ಚಗಾಗುವವರೆಗೆ ಹಾರಲಾರವು, 60ರ ಲೆನ್ಸಿನವರನ್ನೂ ಹತ್ತಿರ ಬಿಡುತ್ತವೆ. ಬದುವಿನ ಮೇಲೆ ಮೊಣಕಾಲೂರಿ, ಚಿಟ್ಟೆಯ ಹಿಂದೆ ಕಾಲುವೆಯೂ ಗದ್ದೆಗೆ ನೀರು ಬಿಡಲು ಬಂದವರೂ ಸಿಗುವಂತೆ ಜಾಗ ಹಿಡಿಯಬೇಕು. ಬಿಸಿಲು ಬಲಿತು ಗಾಳಿ ಎದ್ದರೆ ತೆನೆ ತೂಗಾಡಲು ಶುರು. ಆಮೇಲೆ 60 ಆದರೂ ಅಷ್ಟೆ, 180 ಆದರೂ ಅಷ್ಟೆ, ಲೆನ್ಸಿಗೆ ಮುಚ್ಚಳ ಹಾಕಿ ಗದ್ದೆಯವರ ಜೊತೆ ಚಹಾ ಕುಡಿಯಲು ಹೋಗುವುದೇ ಸರಿ.